ತೋಳ ಹೊಡೆದ ಪಿಸ್ತೂಲು

ಸಗರ, ಶಹಾಪುರ ತಾಲೂಕು
ಆಬಾನ್ ೫, ಫಸಲಿ ೧೩೪೭

ನನ್ನ ಮುದ್ದಿನ ಮೊಮ್ಮಗ ಭಗವಂತರಾಯನಿಗೆ,

ನಿನ್ನ ಅಜ್ಜ ಮರಿಲಿಂಗಪ್ಪ ನಿನ್ನ ತಲೆಯ ಮೇಲೆ ಕೈಯಿಟ್ಟೆನೆಂದು ತಿಳಿದು ಬರೆಯುವ ಕಾಗದ. ನಾವೆಲ್ಲ ಇಲ್ಲಿ ಗಟ್ಟಿಯಾಗಿದ್ದೇವೆ. ನಿನ್ನ ಕೆಮ್ಮು ಹೇಗಿದೆ? ಹೋದ ತಿಂಗಳು ರಾಜಾಸಾಬ ಬಾಗಲಕೋಟೆಯಿಂದ ಉಣ್ಣೆಯ ಗಾಡಿ ತಿರುಗಿಸಿಕೊಂಡು ಬಂದಾಗ, ಉಣ್ಣೆ ವಖಾರಿಯ ಧೂಳಿಗೆ ನಿನಗೆ ಕೆಮ್ಮು ಹತ್ತಿದೆಯೆಂದು ಹೇಳಿದ. ಅಂದಿನಿಂದ ನಿನ್ನ ಅವ್ವ ಶಂಕ್ರಮ್ಮ ಒಂದು ಚೀಲ ಅಜವಾನ ಹುರಿದಿಟ್ಟುಕೊಂಡು, ಕಳಿಸುವುದು ಯಾರ ಕೈಲಿ ಎಂದು ಬಂದುಹೋದವರನ್ನೆಲ್ಲ ಕೇಳುತ್ತಿದ್ದಾಳೆ. ನಿನ್ನ ಅಜ್ಜಿ ಮಾಳಮ್ಮನಿಗೆ ಮಂಡಿ ನೋವು ಬಿಟ್ಟರೆ ಬೇರೇನೂ ಇಲ್ಲ. ನಾಲಿಗೆಯಂತೂ ದಿನದಿಂದ ದಿನಕ್ಕೆ ಚುರುಕಾಗುತ್ತಿದೆ. ನನಗೆ ಕಣ್ಣು ಸ್ವಲ್ಪ ಮಂಜು. ಸಗರದ ಮಠದಲ್ಲಿ ಮರಳಿನ ಮೇಲೆ ತಿದ್ದಿದ ಅಕ್ಷರಗಳು ಈಗಲೂ ಕೈಕೊಟ್ಟಿಲ್ಲ. ಸಾಲು ಸೊಟ್ಟಗಾದರೆ ನಗಬೇಡ.

ಲಕೋಟೆಯ ಮೇಲೆ ನಿನ್ನ ಹೆಸರು ನೋಡಿ ಎದೆ ಝಲ್ಲೆಂದಿರಬೇಕು. ಗಾಬರಿಯಾಗಬೇಡ, ಒಳ್ಳೆಯ ಸುದ್ದಿಯೇ. ಎರಡು ವರ್ಷದಿಂದ ನಿನಗೆ ಬರೆದ ಕಾಗದಗಳಿಗೆ ಹೆಸರೂ ಇರಲಿಲ್ಲ, ಊರೂ ಇರಲಿಲ್ಲ. ರಾಜಾಸಾಬನ ಅಂಗಿಯ ಒಳಜೇಬಿನಲ್ಲಿ ಕೂತು, ಕೊಡೇಕಲ್ಲಿಗೆ ಹೋಗುವ ಯಾತ್ರಿಕರ ನಡುವೆ ನುಸುಳಿ, ಇಂಗ್ರೇಜಿ ಸರಹದ್ದು ದಾಟುತ್ತಿದ್ದವು. ಈ ಸಲ ನಿನ್ನ ಹೆಸರು, ತೀರಿಹೋದ ನಿನ್ನಪ್ಪನ ಹೆಸರು, ನಮ್ಮ ಊರು, ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದು, ಯಾದಗಿರಿ ಸ್ಟೇಶನ್ನಿನ ಟಪಾಲು ಪೆಟ್ಟಿಗೆಗೆ ನಾನೇ ಹೋಗಿ ಹಾಕುತ್ತೇನೆ. ಹೆಸರು ಬರೆಯುವಷ್ಟು ಧೈರ್ಯ ಎಲ್ಲಿಂದ ಬಂತೆಂದು ಕೇಳುವೆಯಲ್ಲ, ಅದನ್ನೇ ಮೊದಲಿನಿಂದ ಹೇಳುತ್ತೇನೆ. ಕೊನೆಯ ಹಾಳೆಗೆ ಹಾರಬೇಡ. ಚಿಕ್ಕವನಿದ್ದಾಗ ಹೋಳಿಗೆಯ ಹೂರಣ ಮೊದಲು ತಿಂದು ಕಣಕ ಎಸೆಯುತ್ತಿದ್ದವನು ನೀನು, ಅದಕ್ಕೇ ಹೇಳುತ್ತಿದ್ದೇನೆ.

ಆ ಬೆಳಿಗ್ಗೆ ನೀನು ಓಡಿದ್ದು ನಿನಗೆ ಗೊತ್ತು, ಆಮೇಲೆ ಆದದ್ದು ಗೊತ್ತಿಲ್ಲ. ಗೌಡರ ಹೊಲದ ಕಾವಲುಗಾರ ಪರಮಣ್ಣ ನಮ್ಮ ಕುರಿಗಳನ್ನು ಬೆಳೆಗೆ ಬಿದ್ದವೆಂದು ಕೂಡಿಹಾಕಿ, ಕರಿ ಟಗರನ್ನು ಒಂಟಿಕಾಲಿಗೆ ಹಗ್ಗ ಬಿಗಿದು ಕಟ್ಟಿದ್ದ. ನೀನು ಸಿಟ್ಟಿನಲ್ಲಿ ಮನೆಗೆ ಬಂದು ದೇವರ ಮಾಡದಿಂದ ನಮ್ಮ ಪಿಸ್ತೂಲು ತೆಗೆದುಕೊಂಡು ಹೋಗಿ ಅವನ ಮುಂದೆ ಹಿಡಿದೆ. ಅವನು ಕೈಯಲ್ಲಿದ್ದ ಹಕ್ಕಿ ಓಡಿಸುವ ನಾಡ ಬಂದೂಕು ಅಡ್ಡ ತಂದ. ಇಬ್ಬರೂ ಜಗ್ಗಾಡಿದಿರಿ. ನೀನು ಪಿಸ್ತೂಲಿನ ಕುದುರೆ ಒತ್ತಿದೆ, ಢಂ ಎಂದಿತು, ಹೊಗೆಯಲ್ಲಿ ಪರಮಣ್ಣ ತೊಡೆ ಹಿಡಿದು ಬಿದ್ದ. ನೀನು ಪಿಸ್ತೂಲು ಅಲ್ಲೇ ಎಸೆದು ಹೋದವನು ಕೊಡೇಕಲ್ ದಾಟುವವರೆಗೂ ನಿಲ್ಲಲಿಲ್ಲ. ಜನ ಬಂದು ಮೊದಲು ನೋಡಿದ್ದು ನಿನ್ನ ಪಿಸ್ತೂಲನ್ನೇ. ಪರಮಣ್ಣನ ಬಂದೂಕನ್ನು ಯಾರೂ ಮುಟ್ಟಲಿಲ್ಲ, ಅದು ದಿನಾ ಬೆಳಿಗ್ಗೆ ಹಾರುವಂಥದ್ದೇ. ಆ ದಿನ ಅದರ ನಳಿಗೆ ಬಿಸಿಯಿದ್ದರೂ ಕೇಳುವವರಿರಲಿಲ್ಲ. ಶಹಾಪುರದ ಪೊಲೀಸ್ ಠಾಣೆಯಿಂದ ಅಮೀನರು ಬಂದರು, ಚಾವಡಿಯಲ್ಲಿ ಕೂತರು, ನನ್ನ ಹೇಳಿಕೆ ಬರೆಸಿಕೊಂಡರು, ಪಿಸ್ತೂಲು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರು. ನಿನ್ನ ಮೇಲೆ ಗುಂಡು ಹಾರಿಸಿದ ಆರೋಪ ಕೂತಿತು. ಸಿಕ್ಕರೆ ಕಲಬುರಗಿ ಜೈಲು ಎಂದರು. ಅವತ್ತಿನಿಂದ ನಿನ್ನ ಅವ್ವ ಬಾಗಿಲ ಕಡೆ ಬೆನ್ನು ಮಾಡಿ ಕೂತಿದ್ದನ್ನು ನಾನು ನೋಡಿಲ್ಲ.

ಆ ಪಿಸ್ತೂಲಿನ ಹಿರಿಮೆ ನಿನಗೆ ಬಾಯಿಪಾಠ. ಸುರಪುರದ ಸಂಸ್ಥಾನ ಇಂಗ್ರೇಜರ ಮೇಲೆ ತಿರುಗಿಬಿದ್ದ ಕಾಲದಲ್ಲಿ ನಮ್ಮಪ್ಪ ಮಾಡಿದ ಸೇವೆಗೆ ಮೆಚ್ಚಿ ರಾಜರು ತಮ್ಮ ಸೊಂಟದಿಂದ ಬಿಚ್ಚಿ ಕೊಟ್ಟದ್ದು ಎಂದೇ ನಾನು ನಂಬಿದ್ದೆ. ನನ್ನ ಮದುವೆಯ ದಿನ ನಮ್ಮಪ್ಪ ಅದನ್ನು ನನ್ನ ನಡುವಿಗೆ ಸಿಕ್ಕಿಸಿ, ಹೇಳಿದ್ದೂ ಹಾಗೆಯೇ. ನಮ್ಮ ಮನೆತನದಲ್ಲಿ ಹತಾರವಿಲ್ಲದೆ ಮದುಮಗ ಹಸೆಗೆ ಕೂರುವಂತಿಲ್ಲ. ಮಹಾನವಮಿಗೆ ಅದಕ್ಕೆ ಉಣಿಸುವ ಪದ್ಧತಿಯೂ ನಮ್ಮದೇ: ತುಪ್ಪದಲ್ಲಿ ಕಲಸಿದ ಕುಂಕುಮವನ್ನು ನಳಿಗೆಯ ಬಾಯಿಗೆ ಹೆಬ್ಬೆರಳಿನಿಂದ ತುಂಬುವುದು. ನೀನೂ ಎಷ್ಟು ಸಲ ತುಂಬಿದ್ದೀ! ತುಂಬಿದ್ದನ್ನು ತೆಗೆಯುವ ಪದ್ಧತಿ ಮಾತ್ರ ನಮ್ಮಲ್ಲಿ ಇಲ್ಲ. ದೇವರ ಬಾಯೊಳಗಿನ ತುತ್ತನ್ನು ಯಾರು ತೆಗೆಯುತ್ತಾರೆ? ಇನ್ನು ಅದೇ ಪಿಸ್ತೂಲಿನಿಂದ ನಾನು ಹಟ್ಟಿಗೆ ಬಂದ ತೋಳ ಹೊಡೆದ ಕಥೆ. ಅದನ್ನು ನೀನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೀ, ಇಲ್ಲಿ ಮತ್ತೆ ಬರೆಯುವುದಿಲ್ಲ.

ಈ ಶ್ರಾವಣದಲ್ಲಿ ಶಹಾಪುರಕ್ಕೆ ಹೊಸ ಅಮೀನರು ಬಂದರು. ಹಳೆಯ ಗಂಟುಗಳನ್ನೆಲ್ಲ ಬಿಚ್ಚಿ ನೋಡುವ ಮನುಷ್ಯ. ನಮ್ಮ ಪಿಸ್ತೂಲು ನೋಡಿದವರೇ ನನ್ನನ್ನು ಕರೆಸಿ, ಇದು ಎಲ್ಲಿಯದು, ಯಾರು ಮಾಡಿದ್ದು, ನಿಜವಾಗಿ ರಾಜರದ್ದೇ ಆದರೆ ಬಲ್ಲವರಿಂದ ಬರೆಸಿಕೊಂಡು ಬಾ ಎಂದರು. ನನಗೆ ಹಿಗ್ಗೋ ಹಿಗ್ಗು. ನಿನ್ನ ಚಿಂತೆಯ ನಡುವೆಯೂ ಹಿಗ್ಗಿದೆ, ಸುಳ್ಳು ಏಕೆ ಹೇಳಲಿ. ಹೊಸ ರುಮಾಲು ಸುತ್ತಿಕೊಂಡು, ಪಿಸ್ತೂಲಿನ ಗಂಟು ಹಿಡಿದ ಜವಾನನ ಜೊತೆ ಸುರಪುರಕ್ಕೆ ಹೊರಟೆ. ನಿನ್ನ ಅಜ್ಜಿ ಬಾಗಿಲಲ್ಲಿ ನಿಂತು, "ಮದಿವಿಗಿ ಹೊಂಟಾಂಗ ಹೊಂಟಾರ ನೋಡು" ಎಂದಳು. ಅವಳ ಮಾತು ಎಷ್ಟು ನಿಜವಾಯಿತೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಸುರಪುರದಲ್ಲಿ ಹತಾರದ ಕೆಲಸ ಬಲ್ಲವನೆಂದರೆ ಈಗ ಬಾಷುಮಿಯಾ ಒಬ್ಬನೇ. ನನಗಿಂತ ಎರಡು ವರ್ಷ ದೊಡ್ಡವನು. ಈಗ ಬೀಗ, ಅಡಕತ್ತರಿ, ಕುರಿಗತ್ತರಿ ಮಾಡಿಕೊಂಡಿದ್ದಾನೆ. ಗಂಟು ಬಿಚ್ಚಿ ಪಿಸ್ತೂಲನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಗಿ ನೋಡಿದ. ಗುಂಡಿನ ಗಾಲಿ ತಿರುಗಿಸಿ ಕಿವಿಗೆ ಹಿಡಿದ. ಮೂಗಿಗೆ ಹಿಡಿದ. ಕೊನೆಗೆ ಉಗುರಿನಿಂದ ಒಂದೊಂದು ಜೋಡಣೆಯನ್ನೂ ಮುಟ್ಟುತ್ತ ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ: "ಮರಿಲಿಂಗಪ್ಪಾರ, ಇದು ಒಂದು ರಿವಾಲ್ವರ್ ಅಲ್ಲರಿ. ಆರೇಳು ಸಾಮಾನು ಕೂಡಿ ಸಂಸಾರ ಮಾಡ್ಯಾವ." ನಳಿಗೆ ಯಾವುದೋ ಹಳೆಯ ಮುರಿದ ತುಪಾಕಿಯದು, ಎಂಟು ಮೂಲೆಯದು, ಸುರಪುರದ ಕಬ್ಬಿಣ. ಆರು ಗುಂಡಿನ ಗಾಲಿ ಇಂಗ್ರೇಜಿ, ಯಾವನೋ ಸಾಹೇಬನ ಒಡೆದ ರಿವಾಲ್ವರಿನದು. ಕುದುರೆಯ ಮೇಲೆ ಮೊಟ್ಟೆಯಾಕಾರದ ಸಣ್ಣ ಮುದ್ರೆ, ಅದರೊಳಗೆ ನಕ್ಷತ್ರ. ಅದು ಬೆಲ್ಜಿಯಂ ಎಂಬ ದೇಶದ್ದಂತೆ. ಚೌಕಟ್ಟು ಒಡೆದ ಗಂಟೆಯ ಕಂಚು ಕರಗಿಸಿ ಎರಕ ಹೊಯ್ದದ್ದು. ಹಿಡಿಕೆ ಟಗರಿನ ಕೊಂಬು. "ಈ ಕೊಂಬು ನಿಮ್ಮ ಹಟ್ಟಿಯಿಂದ ಬಂದಿರಬೇಕ್ರಿ" ಎಂದು ನಕ್ಕ. ಗಾಲಿಯ ತೂತು ಒಂದು ಕಡೆ, ನಳಿಗೆಯ ತೂತು ಇನ್ನೊಂದು ಕಡೆ. ಎಷ್ಟು ತಿರುಗಿಸಿದರೂ ಒಂದಕ್ಕೊಂದು ಮುಖ ಕೂಡುವುದಿಲ್ಲ. ಆಮೇಲೆ ಹಿಡಿಕೆಯ ತಿರುಪು ಬಿಚ್ಚಿ ಒಳಗೆ ನೋಡಿದವನ ಮುಖ ಬದಲಾಯಿತು. ಕಂಚಿನ ಮೇಲೆ ಮೂರು ಚುಕ್ಕೆ, ಒಂದು ಅರ್ಧಚಂದ್ರ. ಅದನ್ನು ಹೆಬ್ಬೆರಳಿನಿಂದ ಸವರಿ, "ನಮ್ಮ ಅಬ್ಬಾನ ನಿಶಾನಿರಿ ಇದು" ಎಂದು ತಂದೆಯ ಆ ಗುರುತನ್ನು ಕಣ್ಣಿಗೆ ಒತ್ತಿಕೊಂಡ.

ನಾನು ಬಿಡುವೆನೇ? ರಾಜರು ಕೊಟ್ಟದ್ದು, ನಿಮ್ಮ ಅಬ್ಬಾ ರಿಪೇರಿ ಮಾಡಿರಬೇಕು ಎಂದು ವಾದಕ್ಕಿಳಿದೆ. ಆಗ ಪರದೆಯ ಹಿಂದಿನಿಂದ ಬಾಷುಮಿಯಾನ ಹೆಂಡತಿ ಖುರ್ಷೀದಬೇಗಂ, ಬೆರಳು ಸಿಕ್ಕಿಸುವಲ್ಲಿ ಇರುವ ಆ ಹಿತ್ತಾಳೆಯ ಬಳೆಯನ್ನು ಒಂದು ಸಲ ಇತ್ತ ತೋರಿಸಿ ಎಂದಳು. ಪಿಸ್ತೂಲನ್ನೇ ಪರದೆಯತ್ತ ಹಿಡಿದೆವು. ಒಳಗೆ ಪೆಟ್ಟಿಗೆ ತೆಗೆದ ಸದ್ದು. ಹೊರಗೆ ಬಂದದ್ದು ಎಲೆಯಡಿಕೆಯ ಒಂದು ಹಳೆಯ ಪಾನದಾನ, ಮುಚ್ಚಳದ ಹಿಡಿಯ ಜಾಗದಲ್ಲಿ ದಾರ ಕಟ್ಟಿದ್ದು. ಬಾಷುಮಿಯಾ ಆ ಬಳೆಯನ್ನು ಬಿಚ್ಚಿ ಪಾನದಾನದ ಮುಚ್ಚಳಕ್ಕೆ ಹಿಡಿದ. ಎರಡು ತೂತುಗಳೂ ಕೂದಲೆಳೆ ತಪ್ಪದೆ ಕೂತವು. "ನಾ ಮದಿವ್ಯಾಗಿ ಬಂದು ಮೂರು ತಿಂಗಳಾಗಿತ್ತರಿ. ಸಗರದ ಕುರುಬರ ಮನಿ ಮದುಮಗಗ ಹತಾರ ಬೇಕಂತ ನಮ್ಮ ಮಾವ ಕೇಳಲಾರದ ಕಿತ್ತುಕೊಂಡ್ರು. ಮೂರು ದಿನ ಅತ್ತೀನಿ ನಾನು" ಎಂದಳು ಆ ಮುದುಕಿ. ಐವತ್ತೈದು ವರ್ಷದ ಹಿಂದಿನ ಮಾತು. ಸಗರದ ಆ ಮದುಮಗ ನಾನೇ, ಭಗವಂತಾ. ರಾಜರ ಕಾಲದ ಜಗಳ ಮುಗಿದು ಅಷ್ಟು ಹೊತ್ತಿಗೆ ಇಪ್ಪತ್ತೈದು ವರ್ಷವಾಗಿತ್ತು. ಇದ್ದ ಹತಾರವನ್ನೆಲ್ಲ ಸರ್ಕಾರ ಎಂದೋ ಕಸಿದುಕೊಂಡಿತ್ತು, ಮಗ ಬರಿಗೈಲಿ ಹಸೆಗೆ ಕೂರಬಾರದೆಂದು ನಮ್ಮಪ್ಪ ಕೊಂಬು ಹಿಡಿದುಕೊಂಡು ಸುರಪುರಕ್ಕೆ ನಡೆದುಹೋಗಿದ್ದ. ರಾಜರ ಹೆಸರು ಹೇಳಿದ್ದು ನನ್ನ ಎದೆ ಉಬ್ಬಲಿ ಎಂದಿರಬೇಕು. ನಾನು ಮೊದಲು ಕುಗ್ಗಿದೆ, ಸುಳ್ಳಲ್ಲ. ಆಮೇಲೆ ನಮ್ಮಪ್ಪ ಬಿಸಿಲಲ್ಲಿ ಹರದಾರಿಗಟ್ಟಲೆ ನಡೆದದ್ದು ಕಣ್ಣಿಗೆ ಕಟ್ಟಿ, ಯಾವ ರಾಜ ಇಷ್ಟು ಮಾಡುತ್ತಿದ್ದ ಎನ್ನಿಸಿತು.

ಇನ್ನು ನಿಜವಾದ ಸಂಗತಿ. ಬಾಷುಮಿಯಾ ನಳಿಗೆಯ ಬಾಯಿಯ ಕುಂಕುಮ ತೆಗೆಯಬೇಕೆಂದ. ನಾನು ಸುತರಾಂ ಒಪ್ಪಲಿಲ್ಲ. ಹಿಂದಿನ ಅಮೀನರೂ ದೇವರ ಸಾಮಾನೆಂದು ಅದನ್ನು ಮುಟ್ಟಿರಲಿಲ್ಲ. ಆ ಮನುಷ್ಯ ಒತ್ತಾಯ ಮಾಡಲಿಲ್ಲ. "ನಿಮ್ಮ ದೇವರ ಕುಂಕುಮ, ನಿಮ್ಮ ಕೈಲೇ ತೆಗೀರಿ. ಕೆಳಗ ನಿಮ್ಮ ರುಮಾಲು ಹಾಸ್ರಿ, ನೆಲಕ್ಕ ಬೀಳಬಾರ್ದು" ಎಂದು ಒಂದು ತೆಳ್ಳನೆಯ ಉಳಿ ಕೈಗೆ ಕೊಟ್ಟು ತಾನು ಹಿಂದೆ ಸರಿದು ಕೂತ. ಅದನ್ನು ಕೇಳಿ ನನ್ನ ಹಟ ಕರಗಿತು. ಹೊಸ ರುಮಾಲು ಬಿಚ್ಚಿ ಹಾಸಿ ಕೆರೆದೆ. ಐವತ್ತಕ್ಕೂ ಹೆಚ್ಚು ಮಹಾನವಮಿಯ ಕುಂಕುಮ ಗಟ್ಟಿಯಾಗಿ, ಬೇವಿನ ಮರದ ತೊಗಟೆ ಎದ್ದ ಹಾಗೆ ಪದರ ಪದರವಾಗಿ ಬಂತು. ಅದರ ಹಿಂದೆ ಉಳಿ ಟಣ್ ಎಂದಿತು. ಸೀಸ! ನಳಿಗೆಯ ಒಳಗೆ ಬೆರಳುದ್ದ ಸೀಸ ಕಾಸಿ ಹೊಯ್ದು ಮುಚ್ಚಿದ್ದಾರೆ. "ಅಬ್ಬಾ ಪೂಜಿ ಹತಾರ ಹಿಂಗೇ ಮಾಡತಿದ್ರು. ಮನ್ಯಾಗ ಮಕ್ಕಳಿರತಾವ, ಇದು ಯಾರ ರಗತಾನೂ ನೋಡಬಾರ್ದು ಅಂತಿದ್ರು" ಎಂದ. ಇದರಿಂದ ಯಾರೂ ಎಂದೂ ಗುಂಡು ಹಾರಿಸಿಲ್ಲ, ಹಾರಿಸಲು ಬರುವುದೂ ಇಲ್ಲ. ನೀನು ಹಾರಿಸಿಲ್ಲ, ಕೂಸೇ. ನಾನು ಆ ಕುಂಕುಮದ ಮುಂದೆ ಕೂತು ಗಟ್ಟಿಯಾಗಿ ಅತ್ತೆ. ಜವಾನ ಬೇರೆ ಕಡೆ ನೋಡಿದ, ಖುರ್ಷೀದಬೇಗಂ ಒಳಗಿನಿಂದ ನೀರು ಕಳಿಸಿದಳು. ಹುಟ್ಟಲಿರುವ ಮಕ್ಕಳ ಸಲುವಾಗಿ ಸೀಸ ಹೊಯ್ದ ಆ ಪುಣ್ಯಾತ್ಮನ ಮುಖವನ್ನೂ ನಾನು ನೋಡಿದವನಲ್ಲ. ಅವನಿಗೆ ಎಲ್ಲಿ ಕೈಮುಗಿಯಬೇಕೋ ತಿಳಿಯದೆ ಅವನ ಕುಲುಮೆಗೇ ಮುಗಿದು ಬಂದೆ.

ಬಾಷುಮಿಯಾನಿಗೆ ಮಂಡಿ ಬಾಗುವುದಿಲ್ಲ. ಬರೆದುಕೊಟ್ಟರೆ ಸಾಕು ಎಂದರೂ ಕೇಳದೆ, "ಕಾಗದಕ್ಕ ಬಾಯಿ ಇರಲ್ಲರಿ, ನಾನೇ ಬರತೀನಿ" ಎಂದು ಗಾಡಿಯಲ್ಲಿ ಕಾಲು ಚಾಚಿಕೊಂಡು ಶಹಾಪುರಕ್ಕೆ ಬಂದ. ಅಮೀನರು ಪರಮಣ್ಣನನ್ನೂ ಕರೆಸಿದ್ದರು. ಅವನು ಕುಂಟುತ್ತ ಬಂದು ಆ ಸೀಸ ನೋಡಿದ, ಗಾಲಿ ತಿರುಗಿಸಿ ನೋಡಿದ, ಆಮೇಲೆ ನೆಲ ನೋಡುತ್ತ ಕೂತ. ಅವನ ಮನೆಯ ಅಳಲು ನನಗೆ ಗೊತ್ತಿತ್ತು. ಗುಂಡು ನಿನ್ನದಲ್ಲ ಎಂದರೆ ತನ್ನ ಬಂದೂಕಿನಿಂದ ತಾನೇ ಕುಂಟನಾದೆನೆಂದು ಊರೆದುರು ಒಪ್ಪಬೇಕು, ಕಾವಲಿನ ಕೆಲಸಕ್ಕೂ ಕುತ್ತು. ಅವನು ಸುಮ್ಮನಿದ್ದಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಆ ಮನುಷ್ಯ ಎದ್ದು ನಿಂತು, "ನನ್ನ ಕಾಲಾಗಿಂದ ಹಕೀಮರು ತಗದಿದ್ದು ಗುಂಡಲ್ಲರಿ, ಕಾಳಿನಷ್ಟು ಸಣ್ಣ ಮೂರು ಚರಿ. ಚರಿ ಹಾಕೋದು ನನ್ನ ಬಂದೂಕಿಗಿ. ಜಗ್ಗಾಡೋ ಹೊತ್ತಿನ್ಯಾಗ ನಂದೇ ಹಾರೈತಿ. ಆ ಹುಡುಗಂದು ಅಂತ ನಾ ಖರೇನೇ ತಿಳದಿದ್ದೆ" ಎಂದ. ಹೇಳಿ ನನ್ನ ಕಡೆ ತಿರುಗಿ ಕೈಮುಗಿದ. ಎರಡು ವರ್ಷ ಅವನ ಹೆಸರೆತ್ತಿದರೆ ಉಗುಳುತ್ತಿದ್ದ ನಾನು ಅವನ ಆ ಕೈಗಳನ್ನು ಹಿಡಿದುಕೊಂಡೆ. ಅಮೀನರು ನನಗೆ ಒಂದೇ ಪ್ರಶ್ನೆ ಕೇಳಿದರು. ನಾನು ಉತ್ತರ ಹೇಳಿದೆ, ಅವರು ಬರೆದುಕೊಂಡರು, ಕೇಸು ಮುಗಿಯಿತು. ಆ ಪ್ರಶ್ನೆ ಯಾವುದೆಂದು ಜಾಗ ಉಳಿದರೆ ಬರೆಯುತ್ತೇನೆ.

ಗೌಡರು ಪರಮಣ್ಣನನ್ನು ಕೆಲಸದಿಂದ ಬಿಡಿಸಲಿಲ್ಲ, ಬಂದೂಕು ಮಾತ್ರ ತೆಗೆದುಕೊಂಡು ಕೈಗೆ ತಮಟೆ ಕೊಟ್ಟಿದ್ದಾರೆ. ಬೆಳಿಗ್ಗೆ ಬೆಳಿಗ್ಗೆ ಅವನು ಬಾರಿಸುವ ಸದ್ದಿಗೆ ಹಕ್ಕಿಗಳಿಗಿಂತ ಮೊದಲು ನಮಗೆ ಎಚ್ಚರವಾಗುತ್ತದೆ. ನಿನ್ನ ಅವ್ವ ದಿನಾ ಅವನ ಮನೆಗೆ ಒಂದು ತಂಬಿಗೆ ಹಾಲು ಕಳಿಸುತ್ತಾಳೆ. ಬಾಷುಮಿಯಾ ಏನು ಕೊಟ್ಟರೂ ಬೇಡವೆಂದ. ಕೊನೆಗೆ ಒಂದು ಒಳ್ಳೆಯ ಟಗರಿನ ಕೊಂಬು ಇದ್ದರೆ ಕೊಡಿ, ಚಾಕುವಿಗೆ ಹಿಡಿಕೆ ಮಾಡಿಕೊಳ್ಳುತ್ತೇನೆ ಎಂದ. ನಿನ್ನ ಅಜ್ಜಿ ಮಾತ್ರ ಸುಮ್ಮನೆ ಕೂರಲಿಲ್ಲ. ತನ್ನ ಕೈಯಿಂದಲೇ ನೂತ ನೂಲಿನ ಕಂಬಳಿ ಮತ್ತು ಯಾದಗಿರಿ ಸಂತೆಯಿಂದ ತರಿಸಿದ ಹೊಸ ಪಾನದಾನ ಖುರ್ಷೀದಬೇಗಮ್ಮಳಿಗೆ ಕಳಿಸಿ, "ನನ್ನ ಮದಿವಿಗಿ ಅಳಿಸಿದ್ದು ತಪ್ಪಾಗೇದ ಅಂತ ಹೇಳ್ರಿ" ಎಂದಳು. ಆಕೆ ಕಂಬಳಿ ಇಟ್ಟುಕೊಂಡು, ಪಾನದಾನದ ತುಂಬ ಸುಪಾರಿ ಹಾಕಿ ತಿರುಗಿ ಕಳಿಸಿದ್ದಾಳೆ. ಐವತ್ತೈದು ವರ್ಷದ ದಾರಕ್ಕೆ ಕೈ ಒಗ್ಗಿದೆಯಂತೆ. ಈಗ ಹೋಗಿ ಬರುವವರ ಬಾಯಲ್ಲಿ ಇಬ್ಬರೂ ಮುದುಕಿಯರು ಒಬ್ಬರಿಗೊಬ್ಬರು ಸುದ್ದಿ ಕಳಿಸುತ್ತಾರೆ, ಇನ್ನೂ ಮುಖ ನೋಡಿಲ್ಲ.

ಪಿಸ್ತೂಲನ್ನು ಅಮೀನರು ತಿರುಗಿ ಕೊಟ್ಟರು. ಇದು ಹತಾರವಲ್ಲ, ದೇವರ ಸಾಮಾನು ಎಂದು ಉರ್ದುವಿನಲ್ಲಿ ಬರೆದು ಮೊಹರು ಒತ್ತಿದ ಚೀಟಿಯೂ ಜೊತೆಗಿದೆ. ಬಾಷುಮಿಯಾ ಬಿಚ್ಚಿದ ಬಳೆಯನ್ನು ಮತ್ತೆ ಕೂರಿಸಿಕೊಟ್ಟ, ಖುರ್ಷೀದಬೇಗಂ ಇರಲಿ ಬಿಡಿ ಎಂದಳಂತೆ. ಕುಂಕುಮವನ್ನು ರುಮಾಲಿನ ಗಂಟಿನಲ್ಲೇ ಮಾಡದಲ್ಲಿ ಇಟ್ಟಿದ್ದೇನೆ. ಮಹಾನವಮಿಗೆ ಇನ್ನು ಮೂರು ವಾರ. ಈ ಸಲ ನಳಿಗೆಯ ಬಾಯಿ ಖಾಲಿ ಇದೆ, ಮೊದಲ ತುತ್ತು ನಿನ್ನ ಹೆಬ್ಬೆರಳಿನದೇ ಆಗಬೇಕು. ಕರಿ ಟಗರಿನ ಸಂತಾನ ಹಟ್ಟಿ ತುಂಬ ಓಡಾಡುತ್ತಿದೆ. ಒಂದಕ್ಕೆ ನಿನ್ನ ಅವ್ವ ನಿನ್ನ ಹೆಸರಿಟ್ಟು ಕೂಗುತ್ತಾಳೆ, ಅದು ತಿರುಗಿಯೂ ನೋಡುವುದಿಲ್ಲ, ಥೇಟ್ ನಿನ್ನ ಹಾಗೆಯೇ. ನಿನ್ನನ್ನು ಎರಡು ವರ್ಷ ಮಗನಂತೆ ಇಟ್ಟುಕೊಂಡ ವಖಾರಿಯ ಯಜಮಾನರಿಗೆ ನನ್ನ ನಮಸ್ಕಾರ ಹೇಳು, ಅವರ ಕಾಲಿಗೆ ಬಿದ್ದು ಹೊರಡು. ದೇವರು ನಮಗೆ ಇಷ್ಟು ಜನರನ್ನು ಕೊಟ್ಟಿದ್ದಾನೆ, ಇನ್ನೇನು ಬೇಡಲಿ. ಅಜ್ಜಿ, ಅವ್ವ ಇಬ್ಬರ ಆಶೀರ್ವಾದ. ನೂರು ಕಾಲ ಬಾಳು.

ನಿನ್ನ ಅಜ್ಜ,
ಮರಿಲಿಂಗಪ್ಪ

ತಾ.ಕ.: ಯಾದಗಿರಿಗೆ ಗಾಡಿ ಹೂಡಿ ನಿಲ್ಲಿಸಿದ್ದಾರೆ. ಲಕೋಟೆ ಅಂಟಿಸಿಬಿಟ್ಟಿದ್ದೆ, ಅಮೀನರ ಪ್ರಶ್ನೆ ಬರೆದಿರೇನು ಎಂದು ಕೇಳಿ ನಿನ್ನ ಅಜ್ಜಿ ಮತ್ತೆ ಬಿಚ್ಚಿಸಿದಳು. ಅವರು ಕೇಳಿದ್ದು ಇದು: "ಇದೇ ಪಿಸ್ತೂಲಿನಿಂದ ಮೂರು ಚರೆ ಹಾರಿಸಿ ತೋಳ ಹೊಡೆದೆ ಎಂದು ಎರಡು ವರ್ಷದ ಹಿಂದೆ ಹೇಳಿ ಸಹಿ ಮಾಡಿದ್ದೀ. ಈಗ ಇದು ಹಾರುವುದೇ ಇಲ್ಲ ಎನ್ನುತ್ತಾನೆ ಬಾಷುಮಿಯಾ. ಸುಳ್ಳು ಹೇಳಿದವರು ಯಾರು?" "ನಾನೇ" ಎಂದೆ. ಆವತ್ತು ಹಿಂದಿನ ಅಮೀನರು ಇದು ಹಾರುತ್ತದೆಯೇ ಎಂದು ಕೇಳಿದಾಗ ಚಾವಡಿಯ ತುಂಬ ಊರ ಜನ ಕೂತಿದ್ದರು, ಅವರೆಲ್ಲ ನನ್ನ ಬಾಯಿಂದ ಆ ಕಥೆ ಕೇಳಿದವರೇ. ಒಂದು ದಿನವೂ ಹಾರಿಸಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಮೂರು ಚರೆಯೂ ನಾನು ಕಥೆಗೆ ಸೇರಿಸಿದ್ದೇ, ಪರಮಣ್ಣನ ಕಾಲಿನ ಮೂರು ಚರೆಗೆ ಅದು ಹೊಂದಿಬಿಟ್ಟಿತು. ನಿನ್ನ ಅಜ್ಜಿ ಆ ಸಂಜೆ, "ತ್ವಾಳದ ಮಾತು ಅಲ್ಲೂ ಹೇಳಿದ್ರೇನು?" ಎಂದು ಕೇಳಿದಳು, ಅವಳಿಗೂ ಇಲ್ಲ ಎಂದೆ. ನಿನ್ನನ್ನು ಊರು ಬಿಡಿಸಿದ್ದು ಪಿಸ್ತೂಲಲ್ಲ, ಪರಮಣ್ಣನೂ ಅಲ್ಲ, ನನ್ನ ಜಂಬ. ತಪ್ಪಾಯಿತು ಕಂದಾ. ಶಹಾಪುರದಲ್ಲಿ ಎಲ್ಲರೆದುರು ನಿಂತು ಹೇಳಿದ್ದನ್ನೇ ನಿನಗೂ ಬರೆಯುತ್ತಿದ್ದೇನೆ: ತೋಳ ಬಂದಾಗ ನಾನು ಬೇವಿನ ಮರದ ಮೇಲಿದ್ದೆ. ಅದನ್ನು ಹೊಡೆದವಳು ನಿನ್ನ ಅಜ್ಜಿ, ಒನಕೆಯಿಂದ. ಐವತ್ತು ವರ್ಷ ಆ ಕಥೆಯನ್ನು ನನಗೆ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತು ತಲೆಯಾಡಿಸಿದ್ದಾಳೆ. ನಿಜವಾಗಿ ಹೇಗಾಯಿತೆಂದು ಈಗ ಊರೆಲ್ಲ ಬಂದು ಅವಳನ್ನು ಕೇಳುತ್ತಿದೆ. ನೀನು ಬಂದು ಎದುರಿಗೆ ಕೂರುವವರೆಗೆ ಯಾರಿಗೂ ಹೇಳುವುದಿಲ್ಲವಂತೆ.